ಎತ್ತಿಕೊಂಡರೆ ಮಗು ಹಾಳಾಗುವುದಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ಮಗಳು 34 ವಾರಕ್ಕೇ ಶಿವಮೊಗ್ಗದಲ್ಲಿ ಹುಟ್ಟಿದಳು. ಹುಟ್ಟಿದಾಗ ತೂಕ 1 ಕೆಜಿ 750 ಗ್ರಾಂ. ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಈಗ ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದೇನೆ. ತೂಕ 1 ಕೆಜಿ 950 ಗ್ರಾಂ ಆಗಿದೆ. ಮಗುವನ್ನು ಎದೆಗೆ ಕಟ್ಟಿಕೊಂಡು ಇಟ್ಟುಕೊಳ್ಳಲು ಆಸ್ಪತ್ರೆಯ ಸಿಸ್ಟರ್ ಹೇಳಿಕೊಟ್ಟಿದ್ದಾರೆ. ಆದರೆ ಮನೆಯಲ್ಲಿ ದೊಡ್ಡಮ್ಮ "ಹೀಗೆ ಇಡೀ ದಿನ ಎತ್ಕೊಂಡಿದ್ರೆ ಅಭ್ಯಾಸ ಆಗುತ್ತೆ, ಆಮೇಲೆ ಕೆಳಗೇ ಇಳಿಯಲ್ಲ" ಅಂತಾರೆ. ನಮ್ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ವಾರಕ್ಕೊಮ್ಮೆ ಬರುತ್ತಾರೆ, ಆದರೆ ಮಗುವನ್ನು ಮುಟ್ಟಲು ಹೆದರುತ್ತಾರೆ. 84 ವರ್ಷದ ಅಜ್ಜಿ ಇದ್ದಾರೆ. ಅವರ ಕೈ ನಡುಗುತ್ತದೆ ಅಂತ ಮಗುವನ್ನು ಅವರಿಗೆ ಕೊಡುತ್ತಿಲ್ಲ. ಎಣ್ಣೆ ಹಚ್ಚಿ ಎರೆಯಬಹುದಾ? ಯಾರ ಮಾತು ಕೇಳಲಿ?

ಉತ್ತರ: ಸಿಸ್ಟರ್ ಮಾತು ಕೇಳಿ. ಮಗುವನ್ನು ಎದೆಯ ಮೇಲೆ ಇಟ್ಟುಕೊಳ್ಳಿ, ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು. ನಿಮ್ಮ ಮಗುವಿಗೆ ಈಗ ನಿಮ್ಮ ಹಾಲು ಎಷ್ಟು ಮುಖ್ಯವೋ ನಿಮ್ಮ ಮೈ ಕೂಡ ಅಷ್ಟೇ ಮುಖ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ವಿಷಯದಲ್ಲಿ ಎರಡು ದಿನ ಅನುಮಾನದಲ್ಲಿ ಕಳೆದರೂ ಮಗುವಿಗೆ ನಷ್ಟ.

ಹಾಗಂತ ದೊಡ್ಡಮ್ಮನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಮಾತು ಎಲ್ಲಿಂದ ಬಂತು ಅಂತ ಯೋಚಿಸಿ ನೋಡಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರಿಗೆ ಕೂತು ಮಗು ಆಡಿಸುವ ಪುರುಸೊತ್ತು ಯಾವತ್ತೂ ಇರಲಿಲ್ಲ. ಕೊಟ್ಟಿಗೆ, ಒಲೆ, ಗದ್ದೆ, ಅಡಿಕೆ ಸುಲಿಯುವ ಕಾಲ ಬಂದರೆ ರಾತ್ರಿ ಹನ್ನೊಂದರ ತನಕ ಮೆಟ್ಟುಕತ್ತಿ ಮುಂದೆ. ಮಗು ತೊಟ್ಟಿಲಲ್ಲಿ ಸುಮ್ನೆ ಮಲಗದೇ ಹೋದರೆ ಆ ಮನೆಯ ಕೆಲಸವೇ ನಿಂತುಹೋಗುತ್ತಿತ್ತು. ಆ ಮಾತು ಹುಟ್ಟಿದ್ದು ಅವರ ಕಷ್ಟದಿಂದ, ಮಗುವಿನ ಸ್ವಭಾವ ನೋಡಿ ಅಲ್ಲ. ಇನ್ನೊಂದು ವಿಷಯ ಅವರೂ ಮರೆತಿರಬಹುದು: ಆ ಮನೆಗಳಲ್ಲಿ ಮಗು ತಾಯಿಯ ಕೈಯಲ್ಲಿ ಇಲ್ಲದಿದ್ದರೆ ಅತ್ತೆಯ ಸೊಂಟದಲ್ಲಿ ಇರುತ್ತಿತ್ತು, ಅಲ್ಲಿಂದ ಚಿಕ್ಕಪ್ಪನ ಹೆಗಲಿಗೆ, ರಾತ್ರಿ ಅಜ್ಜಿಯ ಕಂಬಳಿಯೊಳಗೆ. ಕೆಳಗೆ ಇಳಿದದ್ದೇ ಕಡಿಮೆ. ಈಗ ಮನೆಯಲ್ಲಿ ಮೂರು ಮತ್ತೊಂದು ಜನ. ಮಗುವಿಗೆ ಸಿಗುವ ಮಡಿಲುಗಳೇ ಕಡಿಮೆಯಾಗಿವೆ.

ಎತ್ತಿಕೊಂಡರೆ ಮಗು ಕೆಡುತ್ತದೆ ಅನ್ನುವುದು ನಮ್ಮಲ್ಲಿ ಮಾತ್ರ ಇದ್ದ ನಂಬಿಕೆಯೂ ಅಲ್ಲ. ಅಮೆರಿಕದಲ್ಲಿ ಜಾನ್ ವಾಟ್ಸನ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞ 1928ರಲ್ಲಿ, ಮಕ್ಕಳನ್ನು ಅಪ್ಪಿಕೊಳ್ಳಬೇಡಿ, ಮುತ್ತಿಡಬೇಡಿ, ತೊಡೆ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಕೈ ಕುಲುಕಿದರೆ ಸಾಕು ಅಂತ ತಂದೆತಾಯಿಗೆ ಬುದ್ಧಿ ಹೇಳಿದ್ದ. ಅದನ್ನು ಎಷ್ಟೋ ಜನ ನಂಬಿದರು. ಅದಾಗಿ ಇಪ್ಪತ್ತು ವರ್ಷದೊಳಗೆ ರೆನೆ ಸ್ಪಿಟ್ಜ್ ಎಂಬ ವೈದ್ಯ ಎರಡು ಕಡೆಯ ಮಕ್ಕಳನ್ನು ಹೋಲಿಸಿ ನೋಡಿದ. ಒಂದು ಅನಾಥಾಲಯ. ಶುಚಿಯಾಗಿತ್ತು, ಊಟ ಔಷಧಿ ಎಲ್ಲ ಸರಿಯಾಗಿತ್ತು, ಆದರೆ ಒಬ್ಬ ದಾದಿಗೆ ಎಂಟೊಂಬತ್ತು ಮಕ್ಕಳು. ಎತ್ತಿಕೊಳ್ಳುವವರು ಇರಲಿಲ್ಲ. ಇನ್ನೊಂದು ಜೈಲಿನೊಳಗಿನ ಶಿಶುಮನೆ. ಅಲ್ಲಿ ಕೈದಿ ತಾಯಂದಿರು ತಮ್ಮ ಮಕ್ಕಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ಎರಡು ವರ್ಷದಲ್ಲಿ ಅನಾಥಾಲಯದ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಜಾಸ್ತಿ ಮಕ್ಕಳು ತೀರಿಹೋದವು. ಜೈಲಿನ ಮಕ್ಕಳು ಬದುಕಿದವು, ಬೆಳೆದವು. ಆ ಅಧ್ಯಯನದ ವಿಧಾನದಲ್ಲಿ ತಪ್ಪು ಹುಡುಕಿದವರು ಇದ್ದಾರೆ, ಹುಡುಕಬೇಕಾದ್ದೇ. ಆದರೂ ಅದನ್ನು ಓದಿದ ಮೇಲೆ ಅಳುವ ಮಗುವನ್ನು ಹಾಗೇ ಬಿಡಿ ಅಂತ ಹೇಳಲು ನನಗೆ ಬಾಯಿ ಬಂದಿಲ್ಲ.

ಈಗ ನಿಮ್ಮ ನೇರ ಪ್ರಶ್ನೆಗೆ ಬರೋಣ. ಜಾಸ್ತಿ ಎತ್ತಿಕೊಂಡ ಮಗು ಜಾಸ್ತಿ ಅಳುತ್ತದೆಯೇ? ಇದನ್ನು 1986ರಲ್ಲಿ ಕೆನಡಾದಲ್ಲಿ ಹುಂಝಿಕರ್ ಮತ್ತು ಬಾರ್ ಎಂಬ ಇಬ್ಬರು ಪರೀಕ್ಷಿಸಿ ನೋಡಿದ್ದಾರೆ. 99 ತಾಯಿ-ಮಕ್ಕಳ ಜೋಡಿ. ಅರ್ಧದಷ್ಟು ತಾಯಂದಿರಿಗೆ, ಮಗು ಅತ್ತಾಗ ಮಾತ್ರ ಅಲ್ಲ, ಸುಮ್ಮನಿದ್ದಾಗಲೂ ದಿನಕ್ಕೆ ಮೂರು ಗಂಟೆಯಾದರೂ ಎತ್ತಿಕೊಂಡಿರಿ ಅಂದರು. ಉಳಿದವರಿಗೆ ಹಾಗೆ ಹೇಳಲಿಲ್ಲ. ಆರು ವಾರದ ಹೊತ್ತಿಗೆ, ಅಂದರೆ ಮಕ್ಕಳು ಅತಿ ಹೆಚ್ಚು ಅಳುವ ವಯಸ್ಸಿನಲ್ಲಿ, ಜಾಸ್ತಿ ಎತ್ತಿಕೊಂಡ ಮಕ್ಕಳ ಅಳು ಶೇ 43ರಷ್ಟು ಕಡಿಮೆ ಇತ್ತು. ಅವು ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿದ್ದ ಮಕ್ಕಳು. ನಿಮ್ಮ ಮಗಳ ಕಥೆ ಬೇರೆ. ಅವಳಿಗೆ ಎತ್ತಿಕೊಳ್ಳುವುದು ಅಳು ನಿಲ್ಲಿಸುವುದಕ್ಕಲ್ಲ, ಬೆಳೆಯುವುದಕ್ಕೆ ಬೇಕು.

ನಾನು ಇದನ್ನು ಪುಸ್ತಕದಲ್ಲಿ ಓದುವ ಮೊದಲು ಕಣ್ಣಲ್ಲಿ ನೋಡಿದ್ದೆ. ಸುಮಾರು 25 ವರ್ಷದ ಹಿಂದೆ, ಜೂನ್ ಕೊನೆ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ನಾನಿದ್ದ ಸಣ್ಣ ಆಸ್ಪತ್ರೆಯಲ್ಲಿ ಮಗುವನ್ನು ಬೆಚ್ಚಗಿಡುವ ವಾರ್ಮರ್ ಇದ್ದದ್ದು ಒಂದೇ, ಅದರಲ್ಲಿ ಎರಡು ಮಕ್ಕಳು. ರಾತ್ರಿ ಕರೆಂಟ್ ಹೋಯಿತು, ಜನರೇಟರ್ ಹತ್ತಲಿಲ್ಲ. ಅದರಲ್ಲಿ ಚಿಕ್ಕ ಮಗು 1 ಕೆಜಿ 400 ಗ್ರಾಂ, ಹೊಸನಗರ ಕಡೆಯ ಕೂಲಿ ಮಾಡುವ ತಾಯಿಯದ್ದು. ಟಾರ್ಚ್ ಬೆಳಕಲ್ಲಿ ಕಾಲು ಮುಟ್ಟಿದೆ, ತಣ್ಣಗೆ. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗಾಗುತ್ತಿತ್ತು. ಉಸಿರಿನ ಜೊತೆ ಸಣ್ಣಗೆ ನರಳುವ ಸದ್ದು. ನಾನು ಬಿಸಿನೀರಿನ ಬಾಟಲಿ ಹುಡುಕುತ್ತಿದ್ದೆ. ಅಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಕೇಳಲೇ ಇಲ್ಲ, ಮಗುವಿನ ಬಟ್ಟೆ ತೆಗೆದು, ಟೋಪಿ ಮಾತ್ರ ಉಳಿಸಿ, ಆ ತಾಯಿಯ ರವಿಕೆಯೊಳಗೆ ಎದೆಗೆ ಒರಗಿಸಿ, ಮೇಲಿಂದ ಅವಳ ಸೀರೆ ಸೆರಗು ಬಿಗಿದು, ಅದರ ಮೇಲೆ ಕಂಬಳಿ ಹೊದಿಸಿದರು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಕಾಲು ಮುಟ್ಟಿದೆ. ಬೆಚ್ಚಗಿತ್ತು. ನರಳುವುದು ನಿಂತಿತ್ತು. ತಾಯಿ ಗೋಡೆಗೆ ಒರಗಿ, ಮಗುವಿನ ಬೆನ್ನ ಮೇಲೆ ಎರಡೂ ಕೈ ಇಟ್ಟುಕೊಂಡು, ಕಣ್ಣು ಮುಚ್ಚದೆ ಬೆಳಗಿನ ತನಕ ಹಾಗೇ ಕೂತಿದ್ದಳು. ಕರೆಂಟ್ ಬಂದ ಮೇಲೆ ಮಗುವನ್ನು ವಾರ್ಮರ್‌ಗೆ ಕೊಡಿ ಅಂದಾಗ ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಕೊಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಆ ಸಿಸ್ಟರ್ ಮಾಡಿದ್ದಕ್ಕೆ ಈಗ ಎಲ್ಲ ಕಡೆ ಕಾಂಗರೂ ಆರೈಕೆ ಅನ್ನುತ್ತಾರೆ. ಇದು ಒಂದು ಪದ್ಧತಿಯಾಗಿ ರೂಪುಗೊಂಡದ್ದು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ, 1970ರ ದಶಕದ ಕೊನೆಗೆ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲೂ ಇದೇ ಪಾಡು: ಮಕ್ಕಳು ಜಾಸ್ತಿ, ಅವರನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಕಡಿಮೆ, ಒಂದರಲ್ಲೇ ಎರಡು ಮೂರು ಮಕ್ಕಳನ್ನಿಟ್ಟು ಸೋಂಕು ಹರಡಿ ಸಾಯುತ್ತಿದ್ದವು. ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಜ್ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿದರು. ಬಡ ದೇಶಗಳಿಗೆ ಇದು ಇನ್‌ಕ್ಯುಬೇಟರ್ ಬದಲಿಗೆ ಒಂದು ಉಪಾಯ, ಅಷ್ಟೇ, ಅಂತ ಬಹಳ ಜನ ತಿಳಿದಿದ್ದರು. ಹಾಗಲ್ಲ ಅಂತ ಗೊತ್ತಾದದ್ದು ಆಮೇಲೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ 3,211 ಮಕ್ಕಳಿದ್ದರು. ಎಲ್ಲವೂ 1 ಕೆಜಿಯಿಂದ 1.8 ಕೆಜಿ ಒಳಗಿನವು, ಹೆಚ್ಚುಕಮ್ಮಿ ನಿಮ್ಮ ಮಗಳಂಥವೇ. ನಮ್ಮ ದೇಶದಲ್ಲಿ ಇದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ಮಗು ಸ್ವಲ್ಪ ಸುಧಾರಿಸಲಿ, ಆಮೇಲೆ ತಾಯಿಗೆ ಕೊಡೋಣ ಅಂತ ಕಾಯುವುದು ಹಳೆಯ ಕ್ರಮ. ಹುಟ್ಟಿದ ತಕ್ಷಣದಿಂದಲೇ ಎದೆಗೆ ಕೊಡುವುದು ಹೊಸದು. ತಕ್ಷಣ ಕೊಟ್ಟ ಗುಂಪಿನಲ್ಲಿ ಮೊದಲ 28 ದಿನದ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಫಲ ಇಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು, ಉಳಿದ ಮಕ್ಕಳಿಗೆ ಇದನ್ನು ಕೊಡದೇ ಇರುವುದು ತಪ್ಪಾಗುತ್ತದೆ ಅಂತ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತನ್ನ ಸಲಹೆಯನ್ನೇ ಬದಲಿಸಿತು.

ಅಷ್ಟಕ್ಕೂ ತಾಯಿಯ ಮೈ ಏನು ಮಾಡುತ್ತದೆ? ಶಾಖ ಕೊಡುತ್ತದೆ, ಅದು ಗೊತ್ತಿರುವುದೇ. ಬೇಗ ಹುಟ್ಟಿದ ಮಗುವಿನ ಚರ್ಮ ತೆಳು, ಅಡಿಯಲ್ಲಿ ಕೊಬ್ಬಿಲ್ಲ. ಕುಡಿದ ಹಾಲೆಲ್ಲ ಮೈ ಬೆಚ್ಚಗಿಡಲು ಖರ್ಚಾದರೆ ತೂಕ ಏರುವುದು ಹೇಗೆ? ನಿಮ್ಮ ಎದೆಯ ಶಾಖ ಸಿಕ್ಕರೆ ಆ ಹಾಲು ಬೆಳವಣಿಗೆಗೆ ಹೋಗುತ್ತದೆ. ನಿಮ್ಮ ಮೈಯ ಸಾಮಾನ್ಯ ಬ್ಯಾಕ್ಟೀರಿಯಾಗಳು ಮಗುವಿಗೆ ದಾಟುತ್ತವೆ, ಆಸ್ಪತ್ರೆಯ ಕೆಟ್ಟ ರೋಗಾಣುಗಳಿಗೆ ಅಲ್ಲಿ ಜಾಗ ಕಡಿಮೆಯಾಗುತ್ತದೆ. ಮಗು ಎದೆ ಹತ್ತಿರ ಇದ್ದಷ್ಟೂ ನಿಮ್ಮ ಹಾಲೂ ಹೆಚ್ಚುತ್ತದೆ.

ಇನ್ನೊಂದು ಸಂಗತಿ ಇದೆ, ಅದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ನಮ್ಮ ಚರ್ಮದಲ್ಲಿ ಸ್ಪರ್ಶಕ್ಕೆ ಎರಡು ಬಗೆಯ ನರಗಳಿವೆ. ಒಂದು ಬಗೆ ವೇಗದ್ದು: ಏನು ತಾಗಿತು, ಎಲ್ಲಿ ತಾಗಿತು, ಒರಟೋ ನುಣುಪೋ ಅಂತ ಕ್ಷಣದಲ್ಲಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇನ್ನೊಂದು ಬಗೆ ಬಹಳ ನಿಧಾನ, ಸೆಕೆಂಡಿಗೆ ಸುಮಾರು ಒಂದು ಮೀಟರ್ ಅಷ್ಟೇ ಅದರ ನಡಿಗೆ. ಬೆನ್ನು, ತೋಳು, ತೊಡೆಯಂಥ ರೋಮ ಇರುವ ಚರ್ಮದಲ್ಲಿ ಇದು ಧಾರಾಳವಾಗಿದೆ. ಚುಚ್ಚಿದರೆ, ತಟ್ಟಿದರೆ ಅಲ್ಲ, ಮೆಲ್ಲಗೆ ಸವರಿದಾಗ ಇದು ಚೆನ್ನಾಗಿ ಎಚ್ಚರವಾಗುತ್ತದೆ: ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಅದೂ ಕೈ ಮೈಯಷ್ಟೇ ಬೆಚ್ಚಗಿದ್ದಾಗ. ಇದರ ಸುದ್ದಿ ಹೋಗುವುದು ಮೆದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗಕ್ಕೆ. ಮಗುವಿನ ಬೆನ್ನು ಸವರಿ ಅಂದರೆ ಯಾವ ತಾಯಿಗೂ ಈ ವೇಗ ಹೇಳಿಕೊಡಬೇಕಿಲ್ಲ, ಕೈ ತಾನಾಗಿಯೇ ಆ ಲೆಕ್ಕದಲ್ಲಿ ಓಡಾಡುತ್ತದೆ. ನೀವೂ ಇವತ್ತು ಗಮನಿಸಿ. ಜೋಗುಳ ಹೇಳುತ್ತಾ ಕುತ್ತಿಗೆಯಿಂದ ಸೊಂಟದ ತನಕ ಕೈ ಎಳೆಯುವಾಗ ಎಷ್ಟು ನಿಧಾನ ಇರುತ್ತೀರಿ ಅಂತ.

ಇನ್ನು ಹೇಗೆ ಮಾಡಬೇಕು ಅನ್ನುವುದು. ಸಿಸ್ಟರ್ ಹೇಳಿರುತ್ತಾರೆ, ಆದರೂ ಮನೆಗೆ ಬಂದ ಮೇಲೆ ಅರ್ಧ ಮರೆತಿರುತ್ತದೆ, ಅಲ್ವಾ? ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಇಷ್ಟೇ ಇರಲಿ. ನಿಮ್ಮ ಎರಡು ಮೊಲೆಗಳ ನಡುವೆ ನೆಟ್ಟಗೆ ಒರಗಿಸಿ, ಕೈಕಾಲು ಕಪ್ಪೆಯ ಹಾಗೆ ಮಡಚಿಕೊಂಡಿರಲಿ. ತಲೆ ಒಂದು ಪಕ್ಕಕ್ಕೆ ತಿರುಗಿರಬೇಕು. ಗಲ್ಲ ಎದೆಗೆ ಒತ್ತಿ ಕುತ್ತಿಗೆ ಮಡಚಬಾರದು, ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಮೂಗು ಬಾಯಿ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುತ್ತಿರಲಿ. ಮೆತ್ತಗಿನ ಹಳೆ ಸೀರೆಯಲ್ಲಿ ಮಗುವಿನ ಕಿವಿಯ ತನಕ ಬರುವ ಹಾಗೆ ಕಟ್ಟಿ, ಮೇಲಿಂದ ಸ್ವೆಟರ್ ಅಥವಾ ಶಾಲು. ಒಂದು ಸಲ ಇಟ್ಟುಕೊಂಡರೆ ಕನಿಷ್ಠ ಒಂದು ಗಂಟೆ, ದಿನಕ್ಕೆ ಒಟ್ಟು ಎಂಟು ಗಂಟೆಗೆ ಕಡಿಮೆ ಬೇಡ, ಎಷ್ಟು ಜಾಸ್ತಿಯಾದರೂ ತೊಂದರೆ ಇಲ್ಲ. ನಿದ್ದೆ ಬಂದರೆ ಮಂಚದ ಮೇಲೆ ದಿಂಬು ಕೊಟ್ಟು ಅರ್ಧ ಒರಗಿ, ಮಗುವನ್ನು ಸರಿಯಾಗಿ ಕಟ್ಟಿಕೊಂಡು ಮಲಗಿ. ಸೋಫಾ, ಆರಾಮ ಕುರ್ಚಿಯಲ್ಲಿ ಬೇಡ, ಜಾರಿ ಸಂದಿಗೆ ಸಿಕ್ಕಿಬೀಳುವ ಭಯ ಇದೆ. ತೂಕ ಎರಡೂವರೆ ಕೆಜಿ ದಾಟಿದ ಮೇಲೆ ಮಗುವೇ ಕೈಕಾಲು ಒದ್ದು ಹೊರಗೆ ಬರಲು ನೋಡುತ್ತದೆ. ಆಗ ನಿಲ್ಲಿಸಬಹುದು. ದೊಡ್ಡಮ್ಮನಿಗೆ ಇದನ್ನು ಹೇಳಿ: ಅವಳು ಇಳಿಯುತ್ತಾಳೆ, ತಾನಾಗಿಯೇ.

ದಿನಕ್ಕೆ ನಾಲ್ಕೈದು ಸಲ ಅಂಗೈ ಹಿಂಭಾಗದಿಂದ ಮಗುವಿನ ಹೊಟ್ಟೆ, ಆಮೇಲೆ ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಚೆನ್ನಾಗಿದ್ದಾಳೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿಯಾಗುತ್ತಿದೆ, ತಕ್ಷಣ ಎದೆಗೆ ತೆಗೆದುಕೊಳ್ಳಿ. ಎರಡೂ ತಣ್ಣಗಿದ್ದರೆ, ಹಾಲು ಕುಡಿಯುವುದು ಬಿಟ್ಟರೆ, ಉಸಿರು ಜೋರಾಗಿ ಓಡುತ್ತಿದ್ದರೆ, ಕೈಕಾಲಿನ ತನಕ ಹಳದಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಹೋಗುವಾಗಲೂ ಮಗು ಎದೆಯ ಮೇಲೇ ಇರಲಿ.

ಮಳೆಗಾಲದ ಬಾಣಂತನ ಅಂದ ಮೇಲೆ ಒಂದು ಮಾತು ಖಾರವಾಗಿಯೇ ಹೇಳುತ್ತೇನೆ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಹೋಗಿಬಿಡಬಹುದು. ಸಾಂಬ್ರಾಣಿ ಹೊಗೆಯೂ ಇಷ್ಟು ಎಳೆ ಶ್ವಾಸಕೋಶಕ್ಕೆ ಬೇಡ.

ಎರೆಯುವುದು? ಸದ್ಯಕ್ಕೆ ಬೇಡ. ತೂಕ ಎರಡೂವರೆ ಕೆಜಿ ಹತ್ತಿರ ಬರಲಿ. ಅಲ್ಲಿಯ ತನಕ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಿ. ಎಣ್ಣೆ ಹಚ್ಚಬಹುದು. ಮನೆಯ ಶುದ್ಧ ಕೊಬ್ಬರಿ ಎಣ್ಣೆ ಒಳ್ಳೆಯದು. ಅಮೆರಿಕದ ಟಿಫನಿ ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞೆ 1986ರಲ್ಲಿ ಬೇಗ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಮೂರು ಸಲ, ಪ್ರತಿ ಸಲ 15 ನಿಮಿಷ, ಹತ್ತು ದಿನ ಮೈ ನೀವಿ ಕೈಕಾಲು ಆಡಿಸಿದಾಗ, ಅಷ್ಟೇ ಹಾಲು ಕುಡಿದ ಉಳಿದ ಮಕ್ಕಳಿಗಿಂತ ಅವು ದಿನವೂ ಶೇ 47ರಷ್ಟು ಹೆಚ್ಚು ತೂಕ ಏರಿಸಿಕೊಂಡವು. ಹಿತವಾದ ಒತ್ತಡ ಇರಬೇಕು, ಗರಿಯಲ್ಲಿ ಸವರಿದ ಹಾಗೆ ಮಾಡಿದರೆ ಮಕ್ಕಳಿಗೆ ಕಚಗುಳಿಯಾಗಿ ಕಿರಿಕಿರಿ. ಆದರೆ ಎರೆಯುವವರು ಕೆಲವರು ಕೈಕಾಲು ಹಿಡಿದು ಜಗ್ಗುತ್ತಾರೆ, ತಲೆ ಒತ್ತಿ ಗುಂಡಗೆ ಮಾಡಲು ನೋಡುತ್ತಾರೆ, ಮೂಗು ಕಿವಿಗೆ ಎಣ್ಣೆ ಬಿಡುತ್ತಾರೆ, ಎಳೆ ಮಗುವಿನ ಎದೆ ಹಿಂಡಿ ಹಾಲು ತೆಗೆಯುತ್ತಾರೆ, ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ. ಇದ್ಯಾವುದೂ ಬೇಡ. ಇದರಿಂದ ಕೀವಾದ, ನ್ಯುಮೋನಿಯಾ ಆದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನಿಮ್ಮ ಬೆನ್ನಿಗೆ ಯಾರು ಎಣ್ಣೆ ಹಚ್ಚುತ್ತಿದ್ದಾರೆ? ಸುಮ್ನೆ ಕೇಳಿದ್ದಲ್ಲ. ಹದಿನಾರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದಿದ್ದೀರಿ. ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುವ ನಮ್ಮ ಪದ್ಧತಿಯಲ್ಲಿ ನನಗೆ ಬಹಳ ಗೌರವ ಇದೆ. ಅದನ್ನು ಅಮ್ಮನ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಆ ಹೊತ್ತಿಗೆ ಮಗುವನ್ನು ದೊಡ್ಡಮ್ಮನ ಎದೆಗೆ ಕಟ್ಟಿ. ಹೌದು, ಅವರಿಗೇ. ಎರಡು ದಿನ ಆ ಪುಟ್ಟ ಉಸಿರು ಅವರ ಎದೆಗೆ ತಾಗಲಿ, ಅಭ್ಯಾಸದ ಮಾತು ಅವರೇ ಬಿಡುತ್ತಾರೆ.

ಯಜಮಾನರ ಹೆದರಿಕೆ ನನಗೆ ಅರ್ಥವಾಗುತ್ತದೆ. ಎರಡು ಕೆಜಿ ಇಲ್ಲದ ಮಗುವನ್ನು ಎತ್ತಲು ಗಟ್ಟಿ ಗಂಡಸರೂ ಹಿಂದೆ ಸರಿಯುತ್ತಾರೆ. ಈ ಶನಿವಾರ ಅವರು ಬಂದು ಸ್ನಾನ ಮಾಡಿದ ಮೇಲೆ ಅಂಗಿ ತೆಗೆದು ಗೋಡೆಗೆ ಒರಗಿ ಕೂರಲಿ, ಮಗುವನ್ನು ನೀವೇ ಅವರ ಎದೆಯ ಮೇಲಿಟ್ಟು ಬಟ್ಟೆ ಕಟ್ಟಿ. ಕಟ್ಟಿದ ಮೇಲೆ ಬೀಳುವ ಭಯ ಇರುವುದಿಲ್ಲ, ಅವರು ಕೈ ಇಟ್ಟುಕೊಂಡರೆ ಸಾಕು. ತಂದೆಯ ಎದೆಯ ಶಾಖವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬೀಡಿ ಸಿಗರೇಟು ಸೇದುವವರಾದರೆ, ಕುಡಿದಿದ್ದರೆ ಬೇಡ. ಅವರಿಗೆ ಇನ್ನೊಂದು ಉಪಾಯ ಹೇಳಿಕೊಡಿ, ಮುಂದೆ ರಾತ್ರಿ ಹೊತ್ತು ಬೇಕಾಗುತ್ತದೆ. ಜಪಾನಿನ ಸಂಶೋಧಕಿ ಕುಮಿ ಕುರೋಡಾ ಮತ್ತು ಜೊತೆಗಾರರು 2022ರಲ್ಲಿ ತೋರಿಸಿದ್ದು ಇದು: ಅಳುವ ಮಗುವನ್ನು ಎತ್ತಿಕೊಂಡು ನಿಲ್ಲದೆ ಐದು ನಿಮಿಷ ನಡೆಯಿರಿ, ನಿದ್ದೆ ಬಂದ ಮೇಲೆ ತಕ್ಷಣ ಮಲಗಿಸದೆ ಐದರಿಂದ ಎಂಟು ನಿಮಿಷ ಹಾಗೇ ಕೂತಿರಿ, ಆಮೇಲೆ ಮಲಗಿಸಿ. ಜಗಲಿಯ ಉದ್ದಕ್ಕೂ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು.

ಎಲ್ಲರೂ ಎತ್ತಿಕೊಳ್ಳಬಹುದು ಅಂದರೆ ಬಂದವರೆಲ್ಲ ಅಂತಲ್ಲ. ಮಗು ನೋಡಲು ಬರುವ ನೆಂಟರು ದೂರದಿಂದಲೇ ನೋಡಲಿ, ಮುಖಕ್ಕೆ ಮುತ್ತು ಬೇಡ, ಶೀತ ಕೆಮ್ಮು ಇದ್ದವರು ಕೋಣೆಗೇ ಬರಬಾರದು. ಮನೆಯವರು ಮೂರು ನಾಲ್ಕು ಜನ, ಕೈ ಸೋಪಿನಲ್ಲಿ ತೊಳೆದುಕೊಂಡು.

ಕೊನೆಗೆ ಅಜ್ಜಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಒಂದು ಸಾಲು. 84 ವರ್ಷದವರನ್ನು ದಿನಕ್ಕೆ ಎಷ್ಟು ಜನ ಮುಟ್ಟುತ್ತಾರೆ, ಯೋಚಿಸಿ. ಮಾತ್ರೆ ಕೊಡುವಾಗ ಬೆರಳು ತಾಗಿದರೆ ತಾಗಿತು. ವಯಸ್ಸಾದಂತೆ ಬೆರಳ ತುದಿಯ ಸೂಕ್ಷ್ಮ ಕಡಿಮೆಯಾಗುತ್ತದೆ ನಿಜ, ಆದರೆ ಮೆಲ್ಲಗೆ ಸವರಿದಾಗ ಆಗುವ ಹಿತ ಕಡಿಮೆಯಾಗುವುದಿಲ್ಲ. ಟಿಫನಿ ಫೀಲ್ಡ್ ತಂಡವೇ ಇನ್ನೊಂದು ಚಿಕ್ಕ ಅಧ್ಯಯನ ಮಾಡಿತ್ತು. ವಯಸ್ಸಾದವರಿಗೆ ಕೆಲವು ವಾರ ಮಸಾಜ್ ಮಾಡಿದರು, ಕೆಲವು ವಾರ ಅವರಿಂದಲೇ ಎಳೆ ಮಕ್ಕಳಿಗೆ ಮಸಾಜ್ ಮಾಡಿಸಿದರು. ತಾವು ಮಾಡಿಸಿಕೊಂಡಾಗಿನದಕ್ಕಿಂತ ಮಕ್ಕಳ ಮೈ ನೀವಿದಾಗಲೇ ಅವರ ಮನಸ್ಸು ಹೆಚ್ಚು ಹಗುರಾಗಿತ್ತು.

ಕೈ ನಡುಗುತ್ತದೆ ಅಂದರೆ ಎತ್ತಿಕೊಂಡು ನಿಲ್ಲುವುದು ಬೇಡ, ಅಷ್ಟೇ. ಮಗು ನಿಮ್ಮ ಎದೆಯಲ್ಲಿರುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ತೊಳೆದು, ಬಚ್ಚಲ ಒಲೆಯ ಮುಂದೆ ಸ್ವಲ್ಪ ಕಾಯಿಸಿಕೊಂಡು ಬರಲಿ. ಬಟ್ಟೆಯೊಳಗೆ ಕೈ ಹಾಕಿ ಮಗುವಿನ ಬೆನ್ನ ಮೇಲೆ ಇಡಲಿ. ನಿಮ್ಮ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಕಾಲ ಮೇಲೆ ಮಲಗಿಸಿಕೊಂಡು ಎರೆದ ಕೈ ಅದು, ಬಹುಶಃ ನಿಮ್ಮನ್ನೂ. ಇಟ್ಟ ಮೇಲೆ ನಡುಕ ಎಷ್ಟು ಕಡಿಮೆಯಾಗುತ್ತದೆ ನೋಡಿ. ಮುಂದಿನ ವಾರ ಆಶಾ ಕಾರ್ಯಕರ್ತೆ ಬಂದಾಗ ತೂಕ ಮಾಡಿಸಿ, ನನಗೂ ಬರೆಯಿರಿ.